ಲಾರಿ ಹೆಸರು ಹೇಳಿ ಪಿಸ್ಟನ್ ಕೇಳಬೇಡಿ: ಹಳೆ ಇಂಜಿನ್ ಕಟ್ಟಿಸುವವರು ಮೊದಲು ನೋಡಬೇಕಾದ್ದೇನು?

ಹೊಸಪೇಟೆ: "ಸಾವಿರದ ಆರುನೂರ ಹದಿಮೂರಕ್ಕೆ ಒಂದು ಪಿಸ್ಟನ್ ಸೆಟ್ ಕೊಡಿ." ಲಾರಿ ಸ್ಪೇರ್ಸ್ ಅಂಗಡಿ ಕೌಂಟರಿನಲ್ಲಿ ದಿನಾ ಕೇಳಿಬರೋ ಮಾತಿದು. ಕೇಳಿದವರಿಗೆ ಅದರಲ್ಲಿ ತಪ್ಪೇನೂ ಕಾಣಲ್ಲ. ಆದರೆ ಟಾಟಾ 1613 ಲಾರಿ ಟಾಟಾದವರದೇ 697 ಇಂಜಿನ್ ಹಾಕಿಕೊಂಡೂ ಬಂದಿದೆ, ಕಮ್ಮಿನ್ಸ್ ಇಂಜಿನ್ ಹಾಕಿಕೊಂಡೂ ಬಂದಿದೆ. ಎರಡರ ಪಿಸ್ಟನ್‌ಗೂ ಒಂದಕ್ಕೊಂದು ಸಂಬಂಧವೇ ಇಲ್ಲ. ಅನುಭವ ಇರೋ ಅಂಗಡಿಯವರು ತಕ್ಷಣ "ಟಾಟಾನೋ, ಕಮ್ಮಿನ್ಸೋ?" ಅಂತ ಕೇಳ್ತಾರೆ. ಇಂಜಿನ್ ಕೆಲಸದಲ್ಲಿ ಈ ಪ್ರಶ್ನೆ ಬರೀ ಆರಂಭ. ಅದರ ಹಿಂದೆ ಇನ್ನೂ ಏಳೆಂಟು ಪ್ರಶ್ನೆ ಇವೆ. ಅವನ್ನು ಕೇಳದೇ ಸಾಮಾನು ತಂದರೆ ಹದಿನೈದು ದಿನಕ್ಕೆ ಮುಗಿಯಬೇಕಾದ ಕೆಲಸ ಎರಡು ತಿಂಗಳಾಗುತ್ತೆ, ಕೆಲವೊಮ್ಮೆ ಕಟ್ಟಿದ ಇಂಜಿನ್ ಮತ್ತೆ ಇಳಿಸಬೇಕಾಗುತ್ತೆ.

ನಮ್ಮ ಭಾಗದಲ್ಲಿ ಹಳೆ ಲಾರಿಗೆ ಕೆಲಸ ಇನ್ನೂ ಇದೆ. ಭತ್ತ, ಮೆಕ್ಕೆಜೋಳ, ಕಬ್ಬು, ಮರಳು, ಜಲ್ಲಿ, ಇಟ್ಟಿಗೆ, ಇವನ್ನೆಲ್ಲ ಹತ್ತಿಪ್ಪತ್ತು ಮೈಲಿ ಸುತ್ತಳತೆಯಲ್ಲಿ ಸಾಗಿಸೋಕೆ ಹೊಸ ಗಾಡಿ ಸಾಲ ಮಾಡಿ ತರೋದು ಎಲ್ಲರಿಗೂ ಗಿಟ್ಟಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಅದಿರು ಹೊಡೆಯುತ್ತಿದ್ದ ಎಷ್ಟೋ ಲಾರಿಗಳು ನಿಂತಲ್ಲೇ ನಿಂತವು, ಬಂದ ಬೆಲೆಗೆ ಕೈ ಬದಲಾದವು. ಅದಿರಿನ ದೂಳು ಕುಡಿದ ಇಂಜಿನ್ ಬೇಗ ಸವೆಯುತ್ತೆ. ಏರ್ ಫಿಲ್ಟರ್ ಎಲ್ಲಾದರೂ ಒಂಚೂರು ಸೋರಿದರೂ ಆ ದೂಳು ರಿಂಗ್ ಮತ್ತು ಲೈನರ್ ನಡುವೆ ಉಪ್ಪುಕಾಗದದ ಹಾಗೆ ಕೆಲಸ ಮಾಡುತ್ತೆ. ಕೈಯಿಂದ ಕೈಗೆ ಬಂದ ಗಾಡಿಗಳಲ್ಲಿ ಇನ್ನೊಂದು ಸಮಸ್ಯೆ: ಹಿಂದಿನ ಮಾಲೀಕ ಎಷ್ಟು ಸಲ ಇಂಜಿನ್ ಬಿಚ್ಚಿಸಿದ್ದಾನೆ, ಒಳಗೆ ಏನೇನು ಹಾಕಿಸಿದ್ದಾನೆ ಅನ್ನೋದು ಈಗಿನವರಿಗೆ ಗೊತ್ತೇ ಇರಲ್ಲ.

ಹೆಸರಿನೊಳಗಿನ ಲೆಕ್ಕ

ಲಾರಿ ಹೆಸರು ಬೇರೆ, ಇಂಜಿನ್ ಹೆಸರು ಬೇರೆ. 1613 ಅಂದರೆ ಹದಿನಾರು ಟನ್ ಒಟ್ಟು ತೂಕದ, ಸುಮಾರು 130 ಅಶ್ವಶಕ್ತಿಯ ಗಾಡಿ ಅಂತ. 1210, 1612, 2515 ಎಲ್ಲಾ ಇದೇ ಲೆಕ್ಕ. ಅದರಲ್ಲಿ ಇಂಜಿನ್ ಒಳಗಿನ ಸುದ್ದಿ ಏನೂ ಇಲ್ಲ.

ಇಂಜಿನ್ ಹೆಸರಲ್ಲಿ ಮಾತ್ರ ಇದೆ. ಟಾಟಾ 697 ಅಂದರೆ ಆರು ಸಿಲಿಂಡರ್, 97 ಮಿ.ಮೀ. ಬೋರ್. ಅದಕ್ಕೂ ಹಿಂದಿನದು 692, ಅಂದರೆ ಆರು ಸಿಲಿಂಡರ್, 92 ಮಿ.ಮೀ. ಬೋರ್. 497 ಅಂದರೆ ನಾಲ್ಕು ಸಿಲಿಂಡರ್, 97 ಬೋರ್. ಹಿರಿಯ ಡ್ರೈವರುಗಳು ಇವತ್ತಿಗೂ ಟಾಟಾ ಲಾರಿಗೆ "ಬೆಂಜ್" ಅನ್ನೋದಕ್ಕೆ ಕಾರಣ ಇದೆ. 1954ರಿಂದ 1969ರವರೆಗೆ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡಿದ್ದರು. 697ರ 97 ಬೋರ್, 128 ಸ್ಟ್ರೋಕ್, 5675 ಸಿಸಿ ಇದೆಯಲ್ಲ, ಮರ್ಸಿಡಿಸ್ ಓಎಂ 352 ಇಂಜಿನ್‌ನ ಅಳತೆಯೂ ಅದೇ.

ಲೇಲ್ಯಾಂಡ್‌ದು ಬೇರೆಯದೇ ಭಾಷೆ. ಅಲ್ಲಿ 370, 400, 680 ಅನ್ನೋದು ಬೋರ್ ಅಲ್ಲ. ಇಂಜಿನ್ನಿನ ಒಟ್ಟು ಗಾತ್ರವನ್ನು ಘನ ಇಂಚಿನಲ್ಲಿ ಹೇಳೋ ಹಳೆ ಇಂಗ್ಲಿಷ್ ಪದ್ಧತಿ. 400 ಅಂದರೆ ಸುಮಾರು ಆರೂವರೆ ಲೀಟರ್. ಆಮೇಲೆ ಜಪಾನಿನ ಹಿನೊ ತಂತ್ರಜ್ಞಾನದ ಎಚ್ ಸೀರೀಸ್ ಬಂತು, ಗ್ಯಾರೇಜಿನವರು "ಹಿನೊ ಇಂಜಿನ್" ಅನ್ನೋದು ಇದಕ್ಕೇ. ಹಳೆ ಲೇಲ್ಯಾಂಡ್ ಇಂಜಿನ್‌ಗೂ ಹಿನೊಗೂ ಸಾಮಾನು ಹೊಂದಲ್ಲ. ಗಾಡಿ ಮುಂದೆ ಬರೆದಿರೋ ಕಂಪನಿ ಹೆಸರು ಮಾತ್ರ ಒಂದೇ.

ಈಗ ಜನ ಹೆಚ್ಚು ಮೋಸ ಹೋಗೋ ಜಾಗಕ್ಕೆ ಬರೋಣ. 497 ಅನ್ನೋ ಒಂದೇ ಹೆಸರಲ್ಲಿ ಎರಡು ಥರದ ಇಂಜಿನ್ ಇವೆ. 407 ಗಾಡಿಯಲ್ಲಿ ಬಂದ 497 ಎಸ್‌ಪಿ ಇಂಜಿನ್ 2956 ಸಿಸಿ. 1109ರಂಥ ದೊಡ್ಡ ಗಾಡಿಯ ಟರ್ಬೊ 497 ಇಂಜಿನ್ 3783 ಸಿಸಿ. ಎರಡಕ್ಕೂ ಸಿಲಿಂಡರ್ ನಾಲ್ಕೇ, ಎರಡಕ್ಕೂ ಬೋರ್ 97. ವ್ಯತ್ಯಾಸ ಇರೋದು ಸ್ಟ್ರೋಕ್‌ನಲ್ಲಿ, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದೂರದಲ್ಲಿ. ಒಂದರದು 100 ಮಿ.ಮೀ., ಇನ್ನೊಂದರದು 128. "497 ಪಿಸ್ಟನ್ ಕೊಡಿ" ಅಂತ ಕೇಳಿ ತಂದು, ಸಿಲಿಂಡರಿಗೆ ಇಳಿಸಿ ನೋಡಿದರೆ ಸರಿಯಾಗಿಯೇ ಇಳಿಯುತ್ತೆ. ಬೋರ್ ಒಂದೇ ಅಲ್ವಾ? ಅದಕ್ಕೇ ಕಣ್ಣಿಗೆ ಗೊತ್ತಾಗಲ್ಲ.

ಇದನ್ನು ಮನೆಯಲ್ಲೇ ಕೂತು ಪರೀಕ್ಷೆ ಮಾಡಬಹುದು. ಆರ್‌ಸಿಯಲ್ಲಿ ಸಿಲಿಂಡರ್ ಎಷ್ಟು, ಸಿಸಿ ಎಷ್ಟು ಅಂತ ಬರೆದಿರುತ್ತೆ. ಮೊಬೈಲ್ ಕ್ಯಾಲ್ಕುಲೇಟರ್ ತೆಗೆದು ಬೋರ್ ಇಂಟು ಬೋರ್ ಇಂಟು ಸ್ಟ್ರೋಕ್ ಇಂಟು ಸಿಲಿಂಡರ್ ಸಂಖ್ಯೆ ಇಂಟು 0.7854 ಮಾಡಿ, 1000ದಿಂದ ಭಾಗಿಸಿ. 97, 97, 128, 6 ಹಾಕಿದರೆ 5675 ಬರುತ್ತೆ. 97, 97, 100, 4 ಹಾಕಿದರೆ 2956. ಅಂಗಡಿಯವರು ಹೇಳೋ ಅಳತೆ ಹಾಕಿ ನಿಮ್ಮ ಆರ್‌ಸಿ ಸಿಸಿ ಬರದೇ ಹೋದರೆ ಒಂದೋ ಸಾಮಾನು ಬೇರೆ ಇಂಜಿನ್‌ದು, ಇಲ್ಲಾ ನಿಮ್ಮ ಗಾಡಿಯಲ್ಲಿ ಈಗ ಇರೋ ಇಂಜಿನ್ನೇ ಬೇರೆ ಗಾಡಿದು. ಎರಡನೆಯದಾದರೆ ತಲೆನೋವು ಇನ್ನೂ ದೊಡ್ಡದು, ಅದು ಆಮೇಲೆ.

ಒಂದು ಮಿಲಿಮೀಟರ್ ಏನು ಮಾಡುತ್ತೆ?

ಪಿಸ್ಟನ್ ಅಳತೆ ಅಂದರೆ ಬರೀ ಅಗಲ ಅಂತ ತಿಳಿದವರು ಬಹಳ. ಅಷ್ಟೇ ಮುಖ್ಯವಾದ ಇನ್ನೊಂದು ಅಳತೆ ಇದೆ: ಪಿನ್ ತೂತಿನ ಮಧ್ಯದಿಂದ ಪಿಸ್ಟನ್ ತಲೆವರೆಗಿನ ಎತ್ತರ. ಮೇಸ್ತ್ರಿಗಳು ಇದಕ್ಕೆ ಕಂಪ್ರೆಷನ್ ಹೈಟ್ ಅಂತಾರೆ. ಕ್ರ್ಯಾಂಕ್ ತಿರುಗುವ ಅಳತೆ, ಕನೆಕ್ಟಿಂಗ್ ರಾಡ್ ಉದ್ದ, ಈ ಎತ್ತರ, ಮೂರೂ ಕೂಡಿದರೆ ಪಿಸ್ಟನ್ ಬ್ಲಾಕಿನ ಮೇಲ್ಭಾಗಕ್ಕೆ ಸರಿಯಾಗಿ ಬಂದು ನಿಲ್ಲಬೇಕು. ಒಂದು ಅಳತೆ ತಪ್ಪಿದರೆ ಮೂರೂ ತಪ್ಪಿದ ಹಾಗೆ.

ಲೆಕ್ಕ ಹಾಕಿ ನೋಡಿದರೆ ವಿಷಯ ಎಷ್ಟು ಸೂಕ್ಷ್ಮ ಅಂತ ಗೊತ್ತಾಗುತ್ತೆ. 97 ಬೋರ್, 128 ಸ್ಟ್ರೋಕ್ ಇರೋ ಒಂದು ಸಿಲಿಂಡರ್ 946 ಸಿಸಿ. ಕಂಪ್ರೆಷನ್ ಹದಿನೇಳಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಆಗ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಗಾಳಿಗೆ ಉಳಿಯೋ ಜಾಗ ಬರೀ 59 ಸಿಸಿ, ಒಂದು ಸಣ್ಣ ಚಹಾ ಲೋಟಕ್ಕಿಂತ ಕಮ್ಮಿ. ಈ ಬೋರಿನಲ್ಲಿ ಒಂದು ಮಿ.ಮೀ. ಎತ್ತರ ಅಂದರೆ 7.4 ಸಿಸಿ. ಪಿಸ್ಟನ್ ಒಂದೇ ಒಂದು ಮಿ.ಮೀ. ಗಿಡ್ಡ ಇದ್ದರೂ ಕಂಪ್ರೆಷನ್ ಹದಿನೇಳರಿಂದ ಹದಿನೈದಕ್ಕೆ ಇಳಿಯುತ್ತೆ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಡಕ್ಕೆ ಗಾಳಿ ಕಾದು ಡೀಸೆಲ್ ಹೊತ್ತಿಕೊಳ್ಳಬೇಕು. ಒತ್ತಡ ಕಮ್ಮಿಯಾದರೆ ಬೆಳಗಿನ ಜಾವ ಚಳಿಯಲ್ಲಿ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯುತ್ತೆ, ಬಿಳಿ ಹೊಗೆ ಬರುತ್ತೆ, ಏರಿನಲ್ಲಿ ಗಾಡಿ ಎಳೆಯಲ್ಲ. "ಹೊಸ ಪಿಸ್ಟನ್ ಹಾಕಿಸಿದ್ದೀನಿ, ಮೊದಲಿಗಿಂತ ಕಡೆಯಾಯ್ತು" ಅನ್ನೋ ದೂರಿಗೆ ಎಷ್ಟೋ ಸಲ ಕಾರಣ ಇಷ್ಟೇ.

ಉಲ್ಟಾ ಆದರೆ, ಅಂದರೆ ಪಿಸ್ಟನ್ ಉದ್ದ ಇದ್ದರೆ, ನೇರವಾಗಿ ಹೆಡ್‌ಗೋ ವಾಲ್ವ್‌ಗೋ ಬಡಿಯುತ್ತೆ. ಬ್ಲಾಕ್ ಮೇಲ್ಮೈಯನ್ನು ಹಿಂದೆ ಯಾರಾದರೂ ಸಾಣೆ ಹಿಡಿಸಿದ್ದರೂ ಹೀಗೇ ಆಗಬಹುದು. ಹೆಡ್ ಗ್ಯಾಸ್ಕೆಟ್ ದಪ್ಪ ಕೂಡ ಇದೇ ಲೆಕ್ಕಕ್ಕೆ ಸೇರುತ್ತೆ, "ಗ್ಯಾಸ್ಕೆಟ್ ಯಾವುದಾದರೇನು" ಅನ್ನೋ ಹಾಗಿಲ್ಲ. ಹೆಡ್ ಕೂರಿಸೋಕೆ ಮೊದಲು ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತೆ ಅಂತ ಡಯಲ್ ಗೇಜ್ ಇಟ್ಟು ಆರೂ ಸಿಲಿಂಡರ್ ನೋಡೋ ಮೇಸ್ತ್ರಿ ಸಿಕ್ಕರೆ, ಕೂಲಿ ನೂರಿನ್ನೂರು ಜಾಸ್ತಿ ಕೇಳಿದರೂ ಕೊಡಬಹುದು.

ಪಿಸ್ಟನ್ ತಲೆಯ ಮೇಲಿನ ಗುಂಡಿಯನ್ನೂ ನೋಡಬೇಕು. ನಾಜಲ್‌ನಿಂದ ಬರೋ ಡೀಸೆಲ್ ತುಂತುರು ಆ ಗುಂಡಿಯ ಅಂಚಿಗೆ ಸರಿಯಾಗಿ ಬೀಳೋ ಹಾಗೆ ಆಕಾರ ಮಾಡಿರ್ತಾರೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಗುಂಡಿಯ ಅಗಲ, ಆಳ, ಅಂಚು ಹೋಲಿಸೋದು ಐದು ನಿಮಿಷದ ಕೆಲಸ. ಅದಕ್ಕೇ ಹಳೆ ಪಿಸ್ಟನ್ ಗುಜರಿಗೆ ಹಾಕೋ ಆತುರ ಬೇಡ. ಕೈಚೀಲದಲ್ಲಿ ಹಾಕಿಕೊಂಡು ಅಂಗಡಿಗೇ ಒಯ್ಯಿರಿ.

ಕಮ್ಮಿನ್ಸ್ ಆದರೆ ಪಟ್ಟಿ ಓದಿ

ಟಾಟಾ ಕಮ್ಮಿನ್ಸ್ ಕಂಪನಿ ಶುರುವಾಗಿದ್ದು 1993ರಲ್ಲಿ, ಜಮ್ಶೆಡ್‌ಪುರದಲ್ಲಿ. ಅಲ್ಲಿಂದ ಬಂದ 6ಬಿಟಿ ಇಂಜಿನ್‌ಗೆ ಬೋರ್ 102, ಸ್ಟ್ರೋಕ್ 120, ಒಟ್ಟು 5883 ಸಿಸಿ. ಇಲ್ಲಿ ಮೇಲೆ ಹೇಳಿದ ಸಿಸಿ ಉಪಾಯ ಅರ್ಧ ಮಾತ್ರ ಕೆಲಸ ಮಾಡುತ್ತೆ. ಯಾಕಂದರೆ ಪಂಪ್ ಇರೋ ಹಳೆ ಹನ್ನೆರಡು ವಾಲ್ವ್ ಇಂಜಿನ್ನೂ 5.9 ಲೀಟರ್, ಆಮೇಲೆ ಬಂದ ಇಪ್ಪತ್ನಾಲ್ಕು ವಾಲ್ವಿನ ಕಾಮನ್ ರೇಲ್ ಇಂಜಿನ್ನೂ 5.9 ಲೀಟರ್. ಸಿಸಿ ಒಂದೇ, ಹೆಡ್ ಬೇರೆ, ಪಿಸ್ಟನ್ ಬೇರೆ.

ಆದರೆ ಕಮ್ಮಿನ್ಸ್‌ನವರು ಒಂದು ಒಳ್ಳೆ ವ್ಯವಸ್ಥೆ ಮಾಡಿದ್ದಾರೆ. ಇಂಜಿನ್ ಮುಂಭಾಗದ ಗೇರ್ ಹೌಸಿಂಗ್ ಮೇಲೆ ಒಂದು ಲೋಹದ ಪಟ್ಟಿ ಇರುತ್ತೆ. ಅದರಲ್ಲಿ ಇಂಜಿನ್ ಸೀರಿಯಲ್ ನಂಬರ್ ಜೊತೆಗೆ ಸಿಪಿಎಲ್ ಅಂತ ಒಂದು ನಂಬರ್ ಇರುತ್ತೆ, ಕಂಟ್ರೋಲ್ ಪಾರ್ಟ್ಸ್ ಲಿಸ್ಟ್ ಅಂತ ಅದರ ಪೂರ್ತಿ ಹೆಸರು. ಯಾವ ಪಿಸ್ಟನ್, ಯಾವ ಕ್ಯಾಮ್, ಯಾವ ನಾಜಲ್, ಯಾವ ಟರ್ಬೊ ಒಟ್ಟಿಗೆ ಇರಬೇಕು ಅನ್ನೋದನ್ನು ಆ ಒಂದು ನಂಬರ್ ಹೇಳುತ್ತೆ. ಗ್ರೀಸ್ ಒರೆಸಿ, ಮೊಬೈಲ್‌ನಲ್ಲಿ ಫೋಟೊ ಹೊಡೆದು ಡೀಲರ್ ಕೌಂಟರಿಗೆ ಕಳಿಸಿದರೆ ಸರಿಯಾದ ಪಾರ್ಟ್ ನಂಬರ್ ಸಿಗುತ್ತೆ. ಸಾಮಾನು ಡೀಲರ್ ಹತ್ತಿರ ತಗೊಳ್ಳೋದು, ಹೊರಗೆ ತಗೊಳ್ಳೋದು ನಿಮ್ಮಿಷ್ಟ, ನಂಬರ್ ಮಾತ್ರ ಕೈಯಲ್ಲಿರಲಿ.

ಟಾಟಾ ಹಳೆ ಇಂಜಿನ್‌ಗಳಲ್ಲಿ ಬ್ಲಾಕ್ ಮೇಲೆ ಕೊರೆದ ಇಂಜಿನ್ ನಂಬರ್ ಸಾಮಾನ್ಯವಾಗಿ ಇಂಜಿನ್ ಹೆಸರಿನಿಂದಲೇ ಶುರುವಾಗುತ್ತೆ. 697 ಆದ ಮೇಲೆ ಟಿಸಿ ಅಂತ ಇದ್ದರೆ ಟರ್ಬೊ ಇಂಜಿನ್ ಅಂತ ಅರ್ಥ.

ಒಂದೇ ಹೆಸರಿನ ಇಂಜಿನ್‌ಗೆ ಇಷ್ಟೊಂದು ಥರದ ಸಾಮಾನು ಯಾಕೆ ಅಂತ ಬೈಕೊಳ್ಳೋರಿದ್ದಾರೆ. ದೊಡ್ಡ ಕಾರಣ ಹೊಗೆ ನಿಯಮ. ದೇಶಕ್ಕೆಲ್ಲ 2000ದಲ್ಲಿ ಒಂದು, 2005ರಲ್ಲಿ ಬಿಎಸ್-2, 2010ರಲ್ಲಿ ಬಿಎಸ್-3, 2017ರಲ್ಲಿ ಬಿಎಸ್-4, 2020ರಲ್ಲಿ ಬಿಎಸ್-6 ಬಂತು. ಪ್ರತಿ ಸಲವೂ ಇಂಜಿನ್ ಹೆಸರು ಹಾಗೇ ಇಟ್ಟು ಒಳಗಿನ ಪಿಸ್ಟನ್, ನಾಜಲ್, ಪಂಪ್ ಬದಲಾಯಿಸಿದ ಉದಾಹರಣೆ ಬೇಕಾದಷ್ಟಿವೆ. ಹಾಗಾಗಿ ಗಾಡಿ ಯಾವ ವರ್ಷದ್ದು ಅನ್ನೋದನ್ನೂ ಅಂಗಡಿಯಲ್ಲಿ ಹೇಳಲೇಬೇಕು. ವರ್ಷ ಅಂದರೆ ತಯಾರಾದ ವರ್ಷ, ರಿಜಿಸ್ಟ್ರೇಷನ್ ವರ್ಷ ಅಲ್ಲ. ಜನವರಿ, ಫೆಬ್ರವರಿಯಲ್ಲಿ ರಿಜಿಸ್ಟರ್ ಆದ ಗಾಡಿ ಹಿಂದಿನ ವರ್ಷದ್ದಾಗಿರೋದು ಮಾಮೂಲಿ.

ಮೊದಲು ಅಳತೆ, ಆಮೇಲೆ ಖರೀದಿ

ಇಂಜಿನ್ ಇಳಿಸಿದ ದಿನವೇ "ಸ್ಟ್ಯಾಂಡರ್ಡ್ ಸೆಟ್ ತಂದುಬಿಡಿ" ಅನ್ನೋ ಮೇಸ್ತ್ರಿ ಮಾತಿಗೆ ಸ್ವಲ್ಪ ತಡೆಯಿರಿ. ಸಿಲಿಂಡರ್ ಹಿಂದೆ ಎಂದಾದರೂ ಬೋರ್ ಆಗಿದೆಯಾ, ಕ್ರ್ಯಾಂಕ್ ಎಷ್ಟು ಸಲ ಗ್ರೈಂಡ್ ಆಗಿದೆ ಅನ್ನೋದು ಅಳೆಯದೇ ಗೊತ್ತಾಗಲ್ಲ. ಸಿಲಿಂಡರನ್ನು ಮೇಲೆ, ಮಧ್ಯ, ಕೆಳಗೆ, ಉದ್ದಕ್ಕೆ, ಅಡ್ಡಕ್ಕೆ ಬೋರ್ ಗೇಜ್ ಹಾಕಿ ನೋಡಬೇಕು. ಸವೆತ ಯಾವಾಗಲೂ ಮೇಲಿನ ರಿಂಗ್ ನಿಲ್ಲೋ ಜಾಗದಲ್ಲಿ ಜಾಸ್ತಿ. ಕೆಳಗೆ ಮಾತ್ರ ಅಳೆದು "ಚೆನ್ನಾಗಿದೆ" ಅಂದರೆ ಆಗಲ್ಲ.

ಲೈನರ್ ವಿಚಾರದಲ್ಲೂ ಇಂಜಿನ್‌ನಿಂದ ಇಂಜಿನ್‌ಗೆ ಪದ್ಧತಿ ಬೇರೆ. ಕೆಲವಕ್ಕೆ ಡ್ರೈ ಲೈನರ್ ಇರುತ್ತೆ, ಅಂದರೆ ತೆಳು ತೋಳಿನ ಹಾಗೆ ಬ್ಲಾಕಿನೊಳಗೆ ಬಿಗಿಯಾಗಿ ಕೂತಿರುತ್ತೆ, ನೀರು ಅದಕ್ಕೆ ತಾಗಲ್ಲ. ಕೆಲವಕ್ಕೆ ವೆಟ್ ಲೈನರ್, ಅದರ ಸುತ್ತ ರೇಡಿಯೇಟರ್ ನೀರೇ ಓಡುತ್ತೆ, ರಬ್ಬರ್ ರಿಂಗ್ ತಡೆಯುತ್ತೆ. ಕಮ್ಮಿನ್ಸ್ 5.9ಕ್ಕೆ ಲೈನರೇ ಇಲ್ಲ, ಪಿಸ್ಟನ್ ನೇರವಾಗಿ ಬ್ಲಾಕಿನ ಬೋರಿನಲ್ಲೇ ಓಡುತ್ತೆ. ಸವೆದರೆ ಅರ್ಧ ಮಿ.ಮೀ. ಬೋರ್ ಹೊಡೆದು ದೊಡ್ಡ ಪಿಸ್ಟನ್ ಹಾಕ್ತಾರೆ, ಮುಂದಿನ ಸಲ ಒಂದು ಮಿ.ಮೀ. ಅದೂ ಮುಗಿದರೆ ಬ್ಲಾಕನ್ನು ಇನ್ನೂ ಕೊರೆದು ಸ್ಲೀವ್ ಹೊಡೆದು ಮತ್ತೆ ಸ್ಟ್ಯಾಂಡರ್ಡ್‌ಗೆ ತರಬೇಕು. ಆ ಕೆಲಸಕ್ಕೆ ಒಳ್ಳೆ ಮಷಿನ್ ಇರೋ ಲೇತ್ ಅಂಗಡಿ ಬೇಕು.

ಬೋರ್ ಹೊಡೆಸೋ ವಿಚಾರದಲ್ಲಿ ಒಂದು ಕ್ರಮ ಇದೆ, ಎಷ್ಟೋ ಜನ ತಲೆಕೆಳಗು ಮಾಡ್ತಾರೆ. ಮೊದಲು ಪಿಸ್ಟನ್ ಕೈಗೆ ಬರಬೇಕು, ಆಮೇಲೆ ಅದೇ ಪಿಸ್ಟನ್ ಅಳೆದು ಬೋರ್ ಹೊಡೆಯಬೇಕು. ಅಲ್ಯೂಮಿನಿಯಂ ಪಿಸ್ಟನ್ ಕಾದಾಗ ಎರಕದ ಕಬ್ಬಿಣದ ಬ್ಲಾಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ಆ ಹಿಗ್ಗುವಿಕೆಗೆ ಎಷ್ಟು ಸಂದು ಬಿಡಬೇಕು ಅಂತ ಪಿಸ್ಟನ್ ಮಾಡಿದವರು ಡಬ್ಬಿ ಮೇಲೋ ತಲೆ ಮೇಲೋ ಬರೆದಿರ್ತಾರೆ. ಒಬ್ಬರ ಪಿಸ್ಟನ್‌ಗೂ ಇನ್ನೊಬ್ಬರದಕ್ಕೂ ಆ ಸಂದಿನಲ್ಲಿ ವ್ಯತ್ಯಾಸ ಇರಬಹುದು. ಸಂದು ಕಮ್ಮಿಯಾದರೆ ಹಂಪಿ ರಸ್ತೆ ಮುಗಿಯೋದರೊಳಗೆ ಇಂಜಿನ್ ಸೀಜ್. ಜಾಸ್ತಿಯಾದರೆ ತಣ್ಣಗಿದ್ದಾಗ ಟಕಟಕ ಸದ್ದು, ಆಯಿಲ್ ತಿನ್ನೋದು.

ರಿಂಗ್‌ಗಳೂ ಅಷ್ಟೇ. ಮೇಲಿನ ರಿಂಗ್ ಕೆಲವು ಪಿಸ್ಟನ್‌ಗಳಲ್ಲಿ ಚಪ್ಪಟೆ, ಕೆಲವದರಲ್ಲಿ ಒಳಗೆ ಹೋಗ್ತಾ ತೆಳುವಾಗೋ ಕೀಸ್ಟೋನ್ ಆಕಾರ. ರಿಂಗನ್ನು ಒಂದು ಅಂಗಡಿಯಲ್ಲಿ, ಪಿಸ್ಟನ್ನನ್ನು ಇನ್ನೊಂದರಲ್ಲಿ ತಂದರೆ ಗಾಡಿಗೆ ತಪ್ಪದು ಬಿದ್ದಿದೆ ಅಂತ ಗೊತ್ತಾಗೋದು ನೀಲಿ ಹೊಗೆ ಬಂದ ಮೇಲೆ.

ಕ್ರ್ಯಾಂಕ್: "ಹತ್ತು", "ಇಪ್ಪತ್ತು" ಅಂದರೇನು?

ಕ್ರ್ಯಾಂಕ್ ಗ್ರೈಂಡಿಂಗ್ ಆದ ಮೇಲೆ "ಹತ್ತರ ಬೇರಿಂಗ್ ತನ್ನಿ", "ಇಪ್ಪತ್ತರದು ತನ್ನಿ" ಅಂತಾರೆ. ಅದು ಇಂಚಿನ ಸಾವಿರದ ಒಂದು ಭಾಗದ ಲೆಕ್ಕ. ಹತ್ತು ಅಂದರೆ 0.25 ಮಿ.ಮೀ., ಇಪ್ಪತ್ತು ಅಂದರೆ ಅರ್ಧ ಮಿ.ಮೀ., ಮೂವತ್ತು ಅಂದರೆ ಮುಕ್ಕಾಲು, ನಲವತ್ತು ಅಂದರೆ ಒಂದು ಮಿ.ಮೀ. ಕ್ರ್ಯಾಂಕ್ ಅಷ್ಟು ಸಣ್ಣ ಆಗಿದೆ, ಅದನ್ನು ತುಂಬೋಕೆ ಬೇರಿಂಗ್ ಶೆಲ್ ಅಷ್ಟು ದಪ್ಪ ಇರಬೇಕು ಅಂತ. ಇಲ್ಲಿ ಒಂದು ಗೊಂದಲ ಆಗುತ್ತೆ. ಹತ್ತರ ಶೆಲ್ ಅಳೆದರೆ ಸ್ಟ್ಯಾಂಡರ್ಡ್‌ಗಿಂತ 0.25 ದಪ್ಪ ಇರಲ್ಲ, 0.125 ಅಷ್ಟೇ ಇರುತ್ತೆ. ಮೇಲೊಂದು ಶೆಲ್, ಕೆಳಗೊಂದು ಶೆಲ್, ಎರಡೂ ಕೂಡಿ 0.25. ಇದು ಗೊತ್ತಿಲ್ಲದೇ "ತಪ್ಪು ಸೈಜ್ ಕೊಟ್ಟಿದ್ದೀರಿ" ಅಂತ ಅಂಗಡಿಯಲ್ಲಿ ಜಗಳ ಆಗೋದುಂಟು.

ಮೇನ್ ಬೇರಿಂಗ್ ಶೆಲ್‌ನಲ್ಲಿ ಆಯಿಲ್ ತೂತು ಇರೋದು ಬ್ಲಾಕ್ ಕಡೆಗೆ ಹೋಗಬೇಕು. ತೂತಿಲ್ಲದ ಶೆಲ್ ಅಲ್ಲಿ ಕೂತರೆ ಕ್ರ್ಯಾಂಕ್‌ಗೆ ಆಯಿಲ್ ಹೋಗೋ ದಾರಿಯೇ ಬಂದ್. ಸ್ಟಾರ್ಟ್ ಮಾಡಿದ ಕೆಲವೇ ನಿಮಿಷದಲ್ಲಿ ಹೊಸ ಬೇರಿಂಗ್ ಉಜ್ಜಿ ಹೋಗುತ್ತೆ. ಬೇರಿಂಗ್ ಸಂದು ಸರಿಯಾಗಿದೆಯಾ ಅಂತ ನೋಡೋಕೆ ಪ್ಲಾಸ್ಟಿಗೇಜ್ ಅನ್ನೋ ಮೇಣದ ದಾರ ಸಿಗುತ್ತೆ. ಕ್ರ್ಯಾಂಕ್ ಮೇಲಿಟ್ಟು ಕ್ಯಾಪ್ ಬಿಗಿದು, ಬಿಚ್ಚಿ, ಅದು ಎಷ್ಟು ಅಗಲ ಚಪ್ಪಟೆಯಾಗಿದೆ ಅಂತ ಅಳತೆ ಕಾಗದದ ಜೊತೆ ಹೋಲಿಸಿದರೆ ಸಂದು ಗೊತ್ತಾಗುತ್ತೆ. ಕೈಯಲ್ಲಿ ಅಲ್ಲಾಡಿಸಿ ನೋಡಿ "ಫ್ರೀ ಇದೆ" ಅನ್ನೋದಕ್ಕಿಂತ ಇದು ಎಷ್ಟೋ ವಾಸಿ.

ಟರ್ಬೊ, ಪಂಪ್, ನಾಜಲ್

ಟರ್ಬೊ ಇಲ್ಲದ ಹಳೆ 697ಕ್ಕೆ ಟರ್ಬೊ ಸೇರಿಸಿದರೆ ಪಿಕಪ್ ಬರುತ್ತೆ ಅಂತ ಆಸೆಪಡೋರಿದ್ದಾರೆ. ಅದೇ ಥರ, ಟರ್ಬೊ ಇಂಜಿನ್‌ಗೆ ಅಗ್ಗಕ್ಕೆ ಸಿಕ್ಕಿತು ಅಂತ ಟರ್ಬೊ ಇಲ್ಲದ ಇಂಜಿನ್ನಿನ ಪಿಸ್ಟನ್ ಹಾಕಿಸೋರೂ ಇದ್ದಾರೆ. ಎರಡನೆಯದು ಹೆಚ್ಚು ಅಪಾಯ. ಟರ್ಬೊ ಇಂಜಿನ್ ಹೆಚ್ಚು ಗಾಳಿ, ಹೆಚ್ಚು ಡೀಸೆಲ್ ಸುಡುತ್ತೆ, ಪಿಸ್ಟನ್ ತಲೆಗೆ ಕಾವು ಜಾಸ್ತಿ. ಅದಕ್ಕಾಗಿ ಎಷ್ಟೋ ಟರ್ಬೊ ಇಂಜಿನ್‌ಗಳಲ್ಲಿ ಪಿಸ್ಟನ್ ಕೆಳಗಿನಿಂದ ಆಯಿಲ್ ಚಿಮ್ಮಿಸಿ ತಣ್ಣಗೆ ಮಾಡೋ ಸಣ್ಣ ಜೆಟ್ ಇರುತ್ತೆ. ಪಿಸ್ಟನ್ ಕೆಳಗಡೆ ಆ ಜೆಟ್‌ಗೆ ಜಾಗ ಬಿಟ್ಟು ಕತ್ತರಿಸಿರ್ತಾರೆ. ಹಾಗೆ ಕತ್ತರಿಸದ ಪಿಸ್ಟನ್ ಹಾಕಿದರೆ ಕೆಳಗೆ ಬಂದಾಗ ಜೆಟ್‌ಗೆ ಬಡಿದು ಮುರಿಯುತ್ತೆ. ಮುರಿದ ಚೂರು ಸಂಪಿಗೆ, ಆಯಿಲ್ ಇಲ್ಲದ ಪಿಸ್ಟನ್ ಗುಜರಿಗೆ.

ಡೀಸೆಲ್ ಪಂಪ್ ವಿಚಾರಕ್ಕೆ ನಮ್ಮ ರಾಜ್ಯದವರಿಗೆ ಒಂದು ಅನುಕೂಲ ಇದೆ. ಹಳೆ ಲಾರಿಗಳ ಬಹುಪಾಲು ಪಂಪ್, ನಾಜಲ್ ಬಂದಿದ್ದು ಬೆಂಗಳೂರಿನ ಮೈಕೋದಿಂದಲೇ. 1951ರಲ್ಲಿ ಶುರುವಾದ ಆ ಕಂಪನಿಗೆ 2008ರಿಂದ ಬಾಷ್ ಅಂತಲೇ ಹೆಸರು. ಹಾಗಾಗಿ ಪಂಪ್ ಕೆಲಸ ಕಲಿತ ಮೆಕ್ಯಾನಿಕ್‌ಗಳು ಜಿಲ್ಲೆ ಜಿಲ್ಲೆಯಲ್ಲೂ ಸಿಗ್ತಾರೆ. ಪಂಪ್ ಮೈಮೇಲಿನ ಪಟ್ಟಿಯಲ್ಲಿರೋ ಅಕ್ಷರಗಳೂ ಮಾತಾಡ್ತವೆ. ಪಿಇಎಸ್ 6 ಎ 95 ಅಂತ ಇದ್ದರೆ ಆರು ಸಿಲಿಂಡರಿನ, 'ಎ' ಅಳತೆಯ ಪಂಪ್, ಒಳಗಿನ ಪ್ಲಂಜರ್ 9.5 ಮಿ.ಮೀ. ದಪ್ಪ. 90 ಇದ್ದರೆ 9 ಮಿ.ಮೀ. ನೋಡೋಕೆ ಎರಡೂ ಒಂದೇ, ಬೋಲ್ಟ್ ತೂತೂ ಕೂಡುತ್ತೆ, ಕೊಡೋ ಡೀಸೆಲ್ ಬೇರೆ. ನಾಜಲ್ ಮೇಲೆ ಡಿಎಲ್‌ಎಲ್‌ಎ ಅಂತ ಬರೆದು ಪಕ್ಕದಲ್ಲಿ 150 ಅಂತಲೋ ಏನೋ ಒಂದು ಅಂಕಿ ಇರುತ್ತೆ. ಅದು ಡೀಸೆಲ್ ಚಿಮ್ಮುವ ಕೋನ. ಆ ಕೋನ ಪಿಸ್ಟನ್ ಗುಂಡಿಗೆ ಹೊಂದದಿದ್ದರೆ ಡೀಸೆಲ್ ಗುಂಡಿಗೆ ಬೀಳೋ ಬದಲು ಸಿಲಿಂಡರ್ ಗೋಡೆಗೆ ಬಡಿದು ಆಯಿಲ್ ತೊಳೆದು ಹಾಕುತ್ತೆ. ಕರಿ ಹೊಗೆ, ಆಯಿಲ್ ತೆಳ್ಳಗಾಗೋದು, ಲೈನರ್ ಸವೆತ, ಎಲ್ಲಾ ಒಂದರ ಹಿಂದೆ ಒಂದು.

ನಾಜಲ್ ಕೆಳಗಿನ ತಾಮ್ರದ ವಾಷರ್ ಹತ್ತಿಪ್ಪತ್ತು ರೂಪಾಯಿಯ ಸಾಮಾನು ಅನ್ನಿಸಬಹುದು. ಅದರ ದಪ್ಪ ಬದಲಾದರೆ ನಾಜಲ್ ತುದಿ ಒಳಗೆ ಹೋಗೋ ಆಳ ಬದಲಾಗುತ್ತೆ, ಚಿಮ್ಮೋ ಜಾಗವೂ ಬದಲಾಗುತ್ತೆ. ಒಂದರ ಮೇಲೊಂದು ಎರಡು ವಾಷರ್ ಹಾಕೋದು ಗ್ಯಾರೇಜುಗಳಲ್ಲಿ ಕಾಣೋ ಕೆಟ್ಟ ಅಭ್ಯಾಸ.

ಗುಜರಿಯಲ್ಲಿ ಏನು ತರಬಹುದು, ಏನು ಬೇಡ

ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಹಿಡಿದು ಊರ ಹೊರಗಿನ ಹಳೆ ಗಾಡಿ ಕಡಿಯೋ ಅಂಗಡಿವರೆಗೆ ಬಳಸಿದ ಸಾಮಾನು ಬೇಕಾದಷ್ಟು ಸಿಗುತ್ತೆ. ಎಲ್ಲವೂ ಕೆಟ್ಟದ್ದೇನಲ್ಲ. ಆಯಿಲ್ ಸಂಪ್, ರಾಕರ್ ಕವರ್, ಮೌಂಟಿಂಗ್ ಬ್ರ್ಯಾಕೆಟ್, ಬಿರುಕಿಲ್ಲದ ಮ್ಯಾನಿಫೋಲ್ಡ್, ಇಂಥ ಹೊರಗಿನ ಸಾಮಾನು ಧೈರ್ಯವಾಗಿ ತರಬಹುದು. ಕ್ರ್ಯಾಂಕ್ ತಂದರೆ ಬಿರುಕು ಪರೀಕ್ಷೆ ಮಾಡಿಸಿ, ಅಳತೆ ಹಾಕಿಸಿ.

ತರಲೇಬಾರದ್ದು ಬಿಡಿ ಮೇನ್ ಬೇರಿಂಗ್ ಕ್ಯಾಪ್. ಕಾರ್ಖಾನೆಯಲ್ಲಿ ಕ್ಯಾಪ್‌ಗಳನ್ನು ಬ್ಲಾಕಿಗೆ ಬಿಗಿದು, ಆಮೇಲೆ ಎಲ್ಲಾ ತೂತನ್ನೂ ಒಂದೇ ನೇರಕ್ಕೆ ಕೊರೆದಿರ್ತಾರೆ. ಬೇರೆ ಬ್ಲಾಕಿನ ಕ್ಯಾಪ್ ನೋಡೋಕೆ ಅಚ್ಚು ಹೊಡೆದ ಹಾಗೆ ಒಂದೇ ಇದ್ದರೂ ಆ ನೇರ ಬರಲ್ಲ, ಕ್ರ್ಯಾಂಕ್ ಬಿಗಿಯುತ್ತೆ. ಒಂದು ಕ್ಯಾಪ್ ಕಳೆದರೆ ಲೈನ್ ಬೋರಿಂಗ್ ಮಾಡಿಸಬೇಕು, ಬೇರೆ ದಾರಿ ಇಲ್ಲ. ಕನೆಕ್ಟಿಂಗ್ ರಾಡ್‌ಗೂ ಅದರ ಕ್ಯಾಪ್‌ಗೂ ಇದೇ ಮಾತು. ಎರಡರ ಮೇಲೂ ಒಂದೇ ನಂಬರ್ ಹೊಡೆದಿರುತ್ತೆ, ಜೋಡಿ ತಪ್ಪಬಾರದು. ಒಂದು ರಾಡ್ ಮಾತ್ರ ಬದಲಾಯಿಸೋದಾದರೆ ಉಳಿದ ಐದರ ತೂಕಕ್ಕೆ ಹೊಂದೋದನ್ನೇ ಹುಡುಕಬೇಕು, ಇಲ್ಲಾಂದ್ರೆ ಇಂಜಿನ್ ನಡುಗುತ್ತೆ.

ಅಂಗಡಿಯವರು, ಗಿರಾಕಿಗಳು: ಬಿಲ್ಲಿನಲ್ಲಿ ನಂಬರ್ ಇರಲಿ

ಡಬ್ಬಿ ಒಡೆದ ಸಾಮಾನು ವಾಪಸ್ ತಗೊಳ್ಳಲ್ಲ ಅನ್ನೋ ಬೋರ್ಡು ಹೆಚ್ಚು ಕಮ್ಮಿ ಎಲ್ಲಾ ಅಂಗಡಿಯಲ್ಲೂ ಇದೆ. ಅಂಗಡಿಯವರ ಕಷ್ಟವೂ ಸುಳ್ಳಲ್ಲ. ಗ್ರೀಸ್ ಹತ್ತಿದ ಪಿಸ್ಟನ್ ಇನ್ನೊಬ್ಬರು ಯಾಕೆ ತಗೊಳ್ತಾರೆ? ಆದರೆ ಬಿಲ್ಲಿನಲ್ಲಿ "ಪಿಸ್ಟನ್ ಸೆಟ್ - 1" ಅಂತ ಮಾತ್ರ ಬರೆದರೆ ತಪ್ಪು ಯಾರದು ಅಂತ ಆಮೇಲೆ ತೀರ್ಮಾನ ಆಗಲ್ಲ. ಗಿರಾಕಿ ಹೇಳಿದ ಇಂಜಿನ್ ನಂಬರ್, ಕೊಟ್ಟ ಸಾಮಾನಿನ ಪಾರ್ಟ್ ನಂಬರ್, ಸೈಜ್, ಈ ಮೂರನ್ನು ಬಿಲ್ಲಿನಲ್ಲೇ ಬರೆದರೆ ಇಬ್ಬರಿಗೂ ಕ್ಷೇಮ. ಗಿರಾಕಿ ತಪ್ಪು ನಂಬರ್ ಕೊಟ್ಟಿದ್ದರೆ ಅಂಗಡಿಯವರು ಬಚಾವ್, ಅಂಗಡಿಯವರು ತಪ್ಪು ಸಾಮಾನು ಕೊಟ್ಟಿದ್ದರೆ ಗಿರಾಕಿ ಜಿಲ್ಲಾ ಗ್ರಾಹಕರ ಆಯೋಗದವರೆಗೂ ಹೋಗಬಹುದು. ಬಿಲ್ ಇಲ್ಲದ ಮಾಲು ಅಗ್ಗ ಅನ್ನೋ ಲೆಕ್ಕವೂ ಈಗ ಮೊದಲಿನಷ್ಟು ಗಿಟ್ಟಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ.

ಡಬ್ಬಿ ಅಂಗಡಿಯಲ್ಲೇ ಒಡೆಸಿ, ಹಳೆ ಪಿಸ್ಟನ್ ಪಕ್ಕ ಇಟ್ಟು, ವರ್ನಿಯರ್‌ನಲ್ಲಿ ಪಿನ್ ದಪ್ಪ, ಪಿನ್ನಿನಿಂದ ತಲೆವರೆಗಿನ ಎತ್ತರ ನೋಡಿ ದುಡ್ಡು ಕೊಡೋದು ಎಲ್ಲಕ್ಕಿಂತ ಸುಲಭದ ದಾರಿ. ಇದಕ್ಕೆ ಬೇಸರ ಮಾಡಿಕೊಳ್ಳೋ ಅಂಗಡಿಗಿಂತ, ತಾವೇ ವರ್ನಿಯರ್ ತೆಗೆದು ಕೊಡೋ ಅಂಗಡಿ ಹುಡುಕೋದು ಒಳ್ಳೇದು.

ಬ್ಲಾಕ್ ಬದಲಾದರೆ ಆರ್‌ಟಿಒಗೆ ಹೋಗಬೇಕು

ಮೊದಲಿಗೆ ಹೇಳಿದ ದೊಡ್ಡ ತಲೆನೋವು ಇದು. ಪಿಸ್ಟನ್, ಲೈನರ್, ಕ್ರ್ಯಾಂಕ್ ಏನೇ ಬದಲಾದರೂ ಅದು ರಿಪೇರಿ. ಬ್ಲಾಕ್ ಬದಲಾದರೆ ಹಾಗಲ್ಲ, ಇಂಜಿನ್ ನಂಬರ್ ಇರೋದೇ ಬ್ಲಾಕ್ ಮೇಲೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರೋ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರೋ ಹಾಗಿಲ್ಲ, ಇಂಜಿನ್ ಬದಲಾಯಿಸಿದರೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆದು ಹೊಸ ನಂಬರ್ ಆರ್‌ಸಿಗೆ ಸೇರಿಸಬೇಕು. ಹಾಗಾಗಿ ಬಿರುಕು ಬಿಟ್ಟ ಬ್ಲಾಕ್ ಬದಲು "ಹಾಫ್ ಇಂಜಿನ್" ತರೋದಾದರೆ ಮಾರಿದವರಿಂದ ಬಿಲ್ ಮತ್ತು ಆ ಇಂಜಿನ್ ಬಂದ ಗಾಡಿಯ ಆರ್‌ಸಿ ನಕಲು ಕೇಳಿ ತಗೊಳ್ಳಿ. ದಾಖಲೆ ಕೊಡಲ್ಲ ಅಂದರೆ ಅದು ಕಳವಿನ ಗಾಡಿದೋ ಏನೋ ಯಾರಿಗೆ ಗೊತ್ತು.

ಇದನ್ನು ಮಾಡದವರಿಗೆ ಬಿಸಿ ತಟ್ಟೋದು ಎಫ್‌ಸಿಗೆ ಹೋದಾಗ, ಗಾಡಿ ಮಾರೋಕೆ ಹೊರಟಾಗ, ಇಲ್ಲವೇ ಅಪಘಾತ ಆಗಿ ಇನ್ಶೂರೆನ್ಸ್‌ನವರು ಬ್ಲಾಕ್ ಮೇಲಿನ ನಂಬರ್ ಉಜ್ಜಿ ನೋಡಿದಾಗ. ಸೆಕೆಂಡ್ ಹ್ಯಾಂಡ್ ಲಾರಿ ಕೊಳ್ಳುವವರು ಟೈರ್, ಟಾರ್ಪಾಲು ನೋಡೋಕೆ ಮೊದಲು ಒಂದು ಚಿಂದಿ ಬಟ್ಟೆ ತಗೊಂಡು ಇಂಜಿನ್ ನಂಬರ್ ಒರೆಸಿ, ಆರ್‌ಸಿ ಪಕ್ಕ ಹಿಡಿದು ಒಂದೊಂದೇ ಅಕ್ಷರ ಓದಿಕೊಳ್ಳಬೇಕು.